ಕ್ವರ್ಕ್ಸ್ ಮೋಡ್: ಒಂದು ಸಾಲು ಸೇರಿಸಿದ್ದಕ್ಕೆ ಪೇಜ್ ಯಾಕೆ ಕೆಟ್ಟೋಯ್ತು

ಮೂರು ದಿನದಿಂದ ಇದೇ ತಲೇಲಿ ಓಡ್ತಿದೆ, ಮರೆಯೋ ಮುಂಚೆ ಬರೆದಿಡ್ತೀನಿ. ಎಚ್‌ಟಿಎಂಎಲ್, ಸಿಎಸ್ಎಸ್ ಸ್ವಲ್ಪ ಕಲ್ತಿರೋರಿಗೆ ಇದು, ಟ್ಯಾಗ್ ಅಂದ್ರೇನು ಅನ್ನೋದ್ರಿಂದ ಶುರು ಮಾಡಲ್ಲ.

ಪ್ರಾಕ್ಟೀಸ್‌ಗೆ ಅಂತ ನಮ್ಮೂರ ಬಸ್ ಟೈಮಿಂಗ್ಸ್ ಹಾಕಿ ಒಂದು ಪೇಜ್ ಮಾಡಿದ್ದೆ, ಚೆನ್ನಾಗೇ ಕಾಣ್ತಿತ್ತು. ಜೊತೇಲಿ ಕಲೀತಿರೋ ಒಬ್ರು ನೋಡಿ, ಮೊದಲನೇ ಸಾಲಲ್ಲಿ ಡಾಕ್‌ಟೈಪ್ (ಇದು ಎಚ್‌ಟಿಎಂಎಲ್ ಪೇಜ್ ಅಂತ ಬ್ರೌಸರ್‌ಗೆ ಹೇಳೋ ಸಾಲು) ಇಲ್ವಲ್ಲ, ಹಾಕಿ ಅಂದ್ರು. ಹಾಕಿ ರಿಫ್ರೆಶ್ ಮಾಡಿದ್ರೆ 300 ಅಗಲ ಕೊಟ್ಟಿದ್ದ ಬಾಕ್ಸ್ ಪೇಜ್ ಪೂರ್ತಿ ಹರಡ್ಕೊಂಡ್ತು, ಟೇಬಲ್ ಒಳಗಿನ ಅಕ್ಷರ ದೊಡ್ಡದಾದ್ವು, ಎಡಗಡೆ ಮೇಲಿಂದ ಕೆಳಗಿನವರೆಗೂ ಇದ್ದ ಮೆನು ಕುಗ್ಗಿ ನಾಲ್ಕು ಲಿಂಕ್‌ನಷ್ಟು ಎತ್ತರಕ್ಕೆ ಬಂತು. ಒಂದೇ ಸಾಲು, ಅದೂ ಸರಿಯಾದ ಸಾಲು!

ಆ ಸಾಲು ಇಲ್ದೇ ಇದ್ರೆ ಬ್ರೌಸರ್ ನಮ್ಮ ಪೇಜನ್ನ ತುಂಬಾ ಹಳೇದು ಅಂದ್ಕೊಳ್ಳುತ್ತೆ, ಹಳೇ ಕಾಲದ ರೂಲ್ಸ್ ಹಿಡಿದು ತೋರಿಸುತ್ತೆ. ಅದೇ ಕ್ವರ್ಕ್ಸ್ ಮೋಡ್. ಕ್ವರ್ಕ್ ಅಂದ್ರೆ ಇಲ್ಲಿ ಚಾಳಿ ಅಂತಿಟ್ಕೊಳ್ಳಿ, ಹಳೇ ಬ್ರೌಸರ್‌ಗಳ ಹಳೇ ಚಾಳಿ. ನನ್ನ ಪೇಜ್ ಅಷ್ಟು ದಿನ ಆ ಚಾಳಿಗಳ ಮೇಲೇ ನಿಂತಿತ್ತು, ಸಾಲು ಹಾಕಿದ ತಕ್ಷಣ ಊರುಗೋಲು ಕಿತ್ಕೊಂಡಂಗಾಯ್ತು.

ಒಂದೊಂದಾಗಿ ನೋಡಿದ್ರೆ, ನಾನು ಅಗಲಕ್ಕೆ 300 ಅಂತ ಮಾತ್ರ ಬರ್ದಿದ್ದೆ, ಪಿಎಕ್ಸ್ ಹಾಕಿರ್ಲಿಲ್ಲ. ಹಳೇ ಮೋಡ್‌ನಲ್ಲಿ ಅದನ್ನ ಪಿಕ್ಸೆಲ್ ಅಂತಲೇ ತಗೊಳ್ಳುತ್ತೆ, ಡಾಕ್‌ಟೈಪ್ ಇದ್ರೆ ಬರೋ ಹೊಸ ಮೋಡ್‌ನಲ್ಲಿ ಅಗಲದ ಆ ಸಾಲನ್ನೇ ಬಿಟ್ಬಿಡುತ್ತೆ, ಎರರ್ ಕೂಡ ತೋರ್ಸಲ್ಲ. ಬಾಡಿಗೆ 20 ಪಿಎಕ್ಸ್ ಅಕ್ಷರ ಅಂತ ಸರಿಯಾಗೇ ಕೊಟ್ಟಿದ್ದೆ, ಆದ್ರೆ ಹಳೇ ಮೋಡ್‌ನಲ್ಲಿ ಟೇಬಲ್ ಆ ಸೈಜನ್ನ ಬಾಡಿಯಿಂದ ತಗೊಳ್ಳೋದೇ ಇಲ್ಲ, ಅದರ ಪಾಡಿಗೆ ಡೀಫಾಲ್ಟ್ 16ರಲ್ಲೇ ಇರುತ್ತೆ. ಮೆನುಗೆ ಎತ್ತರ 100 ಪರ್ಸೆಂಟ್ ಅಂದಿದ್ದೆ, ಹೊಸ ಮೋಡ್ ಯಾವುದರಲ್ಲಿ 100 ಪರ್ಸೆಂಟ್ ಅಂತ ಕೇಳುತ್ತೆ, ಅದರ ಪೇರೆಂಟ್‌ಗೆ ಎತ್ತರ ಕೊಟ್ಟಿರ್ಲಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ.

ಈಗ ನಾನು ಎರಡು ರಾತ್ರಿ ಒದ್ದಾಡಿದ ಜಾಗ

ಕ್ವರ್ಕ್ಸ್ ಮೋಡ್ ಬಗ್ಗೆ ಹಳೇ ಟ್ಯುಟೋರಿಯಲ್‌ಗಳನ್ನ ಓದಿದ್ರೆ ಎಲ್ರೂ ಮೊದಲು ಹೇಳೋದು ಬಾಕ್ಸ್ ಮಾಡೆಲ್ ಬಗ್ಗೆ. ಲೆಕ್ಕ ಹೀಗೆ. ಅಗಲ 300, ಪ್ಯಾಡಿಂಗ್ ಎರಡೂ ಕಡೆ 20, ಬಾರ್ಡರ್ ಎರಡೂ ಕಡೆ 5. ಸಿಎಸ್ಎಸ್ ನಿಯಮದ ಪ್ರಕಾರ 300 ಅನ್ನೋದು ಒಳಗಿನ ವಿಷಯಕ್ಕೆ ಮಾತ್ರ, ಪ್ಯಾಡಿಂಗ್ 40, ಬಾರ್ಡರ್ 10 ಅದರ ಆಚೆಗೆ ಸೇರುತ್ತೆ, ಅಲ್ಲಿಗೆ ಬಾಕ್ಸ್ ಜಾಗ ತಗೊಳ್ಳೋದು 350. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಇದನ್ನ ಉಲ್ಟಾ ಮಾಡ್ತಿತ್ತು, 300 ಅಂದ್ರೆ ಬಾರ್ಡರ್ ಸೇರಿ ಒಟ್ಟು 300, ಒಳಗೆ ಉಳಿಯೋದು 250. ಡಾಕ್‌ಟೈಪ್ ತೆಗೆದ್ರೆ ಈ ಹಳೇ ಲೆಕ್ಕ ಬರುತ್ತೆ ಅಂತ ಓದ್ದೆ.

ಸರಿ ಅಂತ ಈ ಸಲ ಅಳತೆಗೆ ಪಿಎಕ್ಸ್ ಹಾಕಿ, ಕ್ರೋಮ್‌ನಲ್ಲಿ ಡಾಕ್‌ಟೈಪ್ ತೆಗೆದು ಅಳೆದೆ, 350. ಹಾಕಿ ಅಳೆದೆ, 350. ಫೈರ್‌ಫಾಕ್ಸ್‌ನಲ್ಲೂ ಅಷ್ಟೇ. ಮೋಡ್ ಬದಲಾಗ್ತಿಲ್ವೇನೋ ಅಂತ ಫೈಲ್ ಹೆಸರು ಬದಲಾಯಿಸ್ದೆ, ಕ್ಯಾಶ್ ಕ್ಲಿಯರ್ ಮಾಡ್ದೆ, ಇನ್‌ಕಾಗ್ನಿಟೋದಲ್ಲಿ ತೆಗೆದೆ, ಆದ್ರೂ 350.

ತಪ್ಪು ನನ್ನ ಫೈಲ್‌ನಲ್ಲಿ ಇರ್ಲಿಲ್ಲ. ಬಾಕ್ಸ್ ಲೆಕ್ಕದ ಈ ಚಾಳಿ ಹಳೇ ಎಕ್ಸ್‌ಪ್ಲೋರರ್‌ನ ಕ್ವರ್ಕ್ಸ್ ಮೋಡ್‌ನದ್ದು. ಕ್ರೋಮ್, ಫೈರ್‌ಫಾಕ್ಸ್ ತಮ್ಮ ಕ್ವರ್ಕ್ಸ್ ಮೋಡ್‌ಗೆ ಮಾಮೂಲಿ ಡಿವ್‌ಗಳ ಮಟ್ಟಿಗೆ ಅದನ್ನ ತಗೊಂಡೇ ಇಲ್ಲ. ಅಂದ್ರೆ ಕ್ವರ್ಕ್ಸ್ ಮೋಡ್ ಅನ್ನೋ ಹೆಸರು ಒಂದೇ, ಅದರೊಳಗೆ ಏನಿರುತ್ತೆ ಅನ್ನೋದು ಒಂದು ಕಾಲದಲ್ಲಿ ಬ್ರೌಸರ್‌ಗೆ ಒಂದೊಂದು ಥರ ಇತ್ತು. ಯಾವ ಚಾಳಿ ಇಟ್ಕೋಬೇಕು ಅಂತ ಈಗ ಅದಕ್ಕೇ ಒಂದು ಸ್ಟ್ಯಾಂಡರ್ಡ್ ಬರ್ದಿದ್ದಾರೆ, ಮೇಲೆ ಹೇಳಿದ ಪಿಎಕ್ಸ್ ಇಲ್ಲದ ಅಳತೆ ಅದರಲ್ಲಿದೆ, ಬಾಕ್ಸ್ ಲೆಕ್ಕ ಇಲ್ಲ. ಟ್ಯುಟೋರಿಯಲ್ ಯಾವ ವರ್ಷದ್ದು ಅಂತ ಮೊದಲೇ ನೋಡಿದ್ರೆ ನಂಗೆ ಎರಡು ರಾತ್ರಿ ಉಳೀತಿತ್ತು, ನೀವು ನೋಡ್ಕೊಳ್ಳಿ.

ಇನ್ನೊಂದು. ಆ ತಪ್ಪು ಲೆಕ್ಕವೇ ನಂಗೆ ಜಾಸ್ತಿ ಸರಿ ಅನ್ಸುತ್ತೆ. ಅಂಗಡೀಲಿ ಎರಡಡಿ ಡಬ್ಬ ಅಂದ್ರೆ ಹೊರಗಿನ ಅಳತೆ ತಾನೇ. ಬಾಕ್ಸ್-ಸೈಜಿಂಗ್‌ಗೆ ಬಾರ್ಡರ್-ಬಾಕ್ಸ್ ಅಂತ ಕೊಟ್ರೆ ಬರೋದು ಅದೇ ಲೆಕ್ಕ, ರೆಡಿಮೇಡ್ ಸಿಎಸ್ಎಸ್ ಕೊಡೋ ಬೂಟ್‌ಸ್ಟ್ರಾಪ್‌ನ 3ನೇ ಆವೃತ್ತಿ ಅಂತೂ 2013ರಲ್ಲಿ ಅದನ್ನ ಎಲ್ಲಾ ಎಲಿಮೆಂಟ್‌ಗೂ ಹಾಕ್ಬಿಡ್ತು.

ಯಾವ ಮೋಡ್‌ನಲ್ಲಿದೀವಿ ಅಂತ ನೋಡೋದು

ಎಫ್12 ಒತ್ತಿ, ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್ ಡಾಟ್ ಕಂಪ್ಯಾಟ್‌ಮೋಡ್ ಟೈಪ್ ಮಾಡಿ, ಎಂ ಕ್ಯಾಪಿಟಲ್. ಬ್ಯಾಕ್‌ಕಂಪ್ಯಾಟ್ ಅಂತ ಬಂದ್ರೆ ಹಳೇದು, ಸಿಎಸ್ಎಸ್1ಕಂಪ್ಯಾಟ್ ಅಂದ್ರೆ ಸರಿಯಾದ್ದು. ಈಗ ಯಾವ ಪೇಜ್ ವಿಚಿತ್ರವಾಗಿ ಕಂಡ್ರೂ ಮೊದಲು ಇದನ್ನೇ ಹೊಡೀತೀನಿ. ಡಾಕ್‌ಟೈಪ್ ಹಾಕಿದ್ರೂ ಬ್ಯಾಕ್‌ಕಂಪ್ಯಾಟ್ ಬರ್ತಿದ್ರೆ ಅದಕ್ಕಿಂತ ಮುಂಚೆ ಯಾವುದಾದ್ರೂ ಅಕ್ಷರ ನುಸುಳಿದ್ಯಾ ನೋಡಿ. ಸ್ಪೇಸ್ ಇದ್ರೆ, ಕಾಮೆಂಟ್ ಇದ್ರೆ ಪರವಾಗಿಲ್ಲ, ಒಂದು ಚುಕ್ಕಿ ಬಿದ್ದಿದ್ರೂ ಹಳೇ ಮೋಡ್‌ಗೆ ಹೋಗುತ್ತೆ.

ಹಳೇದನ್ನ ಯಾಕೆ ಇಟ್ಕೊಂಡಿದ್ದಾರೆ

ಸಿಎಸ್ಎಸ್ ಮೊದಲ ಆವೃತ್ತಿ ಬಂದಿದ್ದು 1996ರ ಡಿಸೆಂಬರ್‌ನಲ್ಲಿ. ಆಗಿನ ಬ್ರೌಸರ್‌ಗಳಾದ ನೆಟ್‌ಸ್ಕೇಪ್, ಎಕ್ಸ್‌ಪ್ಲೋರರ್ ಎರಡೂ ಅದನ್ನ ಅರ್ಧಂಬರ್ಧ ಮಾಡಿದ್ವು, ಜನ ಆ ಅರ್ಧಂಬರ್ಧಕ್ಕೆ ಹೊಂದೋ ಹಾಗೇ ಪೇಜ್ ಬರೆದ್ರು. ಆಮೇಲೆ ಬ್ರೌಸರ್ ಸರಿ ಮಾಡಿದ್ರೆ ಅವೆಲ್ಲಾ ಒಡೆಯುತ್ತೆ. 2000ದ ಮಾರ್ಚ್‌ನಲ್ಲಿ ಮ್ಯಾಕ್‌ಗೆ ಬಂದ ಎಕ್ಸ್‌ಪ್ಲೋರರ್ 5ರಲ್ಲಿ ಮೈಕ್ರೋಸಾಫ್ಟ್‌ನ ಟಾಂಟೆಕ್ ಚೆಲಿಕ್ ತಂಡದೋರು ಡಾಕ್‌ಟೈಪ್ ನೋಡಿ ಮೋಡ್ ಬದಲಾಯಿಸೋ ಉಪಾಯ ತಂದ್ರು, ಬೇರೆಯವ್ರೂ ಅದನ್ನೇ ಹಿಡಿದ್ರು.

ಒಡೆದ್ರೆ ಒಡೀಲಿ ಬಿಡಿ, ತಪ್ಪು ಪೇಜ್ ಬರೆದೋರದ್ದು ಅಲ್ವಾ ಅಂತ ನಂಗೂ ಅನ್ಸಿತ್ತು. ಆಗ ನೆನಪಾಗಿದ್ದು ನಮ್ಮ ದೊಡ್ಡಪ್ಪ. ನಾನು ಹೈಸ್ಕೂಲ್‌ನಲ್ಲಿದ್ದಾಗ ಅವರ ಕಂಪ್ಯೂಟರ್‌ಗೆ ಫೈರ್‌ಫಾಕ್ಸ್ ಹಾಕಿಕೊಟ್ಟಿದ್ದೆ, ಹೊಸದು, ಟ್ಯಾಬ್ ಎಲ್ಲಾ ಇದೆ ದೊಡ್ಡಪ್ಪ ನೋಡಿ ಅಂತ. ಅವ್ರು ದಿನಾ ಓದೋ ಕನ್ನಡ ಪೇಪರ್‌ನ ಸೈಟ್ ತೆಗೆದ್ರು, ಅಲ್ಲಿ ಕನ್ನಡವೇ ಇಲ್ಲ, ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಮಧ್ಯ ಮಧ್ಯ ಟೋಪಿ ಹಾಕಿರೋ ಎ, ಇ. ಆಗ ತುಂಬಾ ಕನ್ನಡ ಸೈಟ್‌ಗಳು ಯೂನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ನಂಬರ್ ಕೊಡೋ ಪದ್ಧತಿ) ಇರ್ತಿರ್ಲಿಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಚಿತ್ರ ಕೂರಿಸಿದ ಫಾಂಟ್ ಬಳಸ್ತಿದ್ವು, ಪೇಜ್ ಜೊತೆಗೇ ಆ ಫಾಂಟ್ ಇಳಿಯೋಕೆ ಇಒಟಿ ಅನ್ನೋ ಫಾರ್ಮ್ಯಾಟ್ ಇತ್ತು, ಅದು ಓಡ್ತಿದ್ದಿದ್ದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ದೊಡ್ಡಪ್ಪಂಗೆ ಇದೆಲ್ಲಾ ಯಾಕೆ ಬೇಕು? "ಇದ್ರಲ್ಲಿ ಕನ್ನಡಾನೇ ಬರಲ್ವಲ್ಲೋ, ನಂದೇ ಇರ್ಲಿ ಬಿಡು" ಅಂದು ಆ ನೀಲಿ ಇ ಮೇಲೇ ಡಬಲ್ ಕ್ಲಿಕ್ ಮಾಡಿದ್ರು. ಸೈಟ್‌ಗೆ ಒಂದು ಮಾತೂ ಅನ್ಲಿಲ್ಲ, ಎಲ್ಲಾ ದೂರೂ ನನ್ನ ಫೈರ್‌ಫಾಕ್ಸ್ ಮೇಲೆ.

ಬ್ರೌಸರ್ ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ಪೇಜ್ ಒಡೆದ್ರೆ ಜನ ಬಿಡೋದು ಪೇಜನ್ನಲ್ಲ, ಬ್ರೌಸರನ್ನ. ಅದಕ್ಕೇ ಹಳೇ ಚಾಳಿ ಯಾರೂ ಬಿಡಲ್ಲ. ಸಫಾರಿ ಒಳಗೆ ಪೇಜ್ ತೋರಿಸೋ ಎಂಜಿನ್ ವೆಬ್‌ಕಿಟ್‌ನ ಕೋಡ್‌ನಲ್ಲಿ ಕ್ವರ್ಕ್ಸ್ ಅಂತಲೇ ಫೈಲ್ ಇದೆ, ದೊಡ್ಡ ದೊಡ್ಡ ಸೈಟ್‌ಗಳ ಹೆಸರು ಬರ್ದು ಈ ಸೈಟ್‌ಗೆ ಹೀಗೆ ನಡ್ಕೋ ಅಂತ. ಫೈರ್‌ಫಾಕ್ಸ್‌ನಲ್ಲಿ ಅಡ್ರೆಸ್ ಬಾರ್‌ಗೆ ಅಬೌಟ್ ಕೋಲನ್ ಕಂಪ್ಯಾಟ್ ಅಂತ ಹೊಡೆದ್ರೆ ಅಂಥದೇ ಪಟ್ಟಿ ಕಾಣುತ್ತೆ, ನೋಡಿ.

ಬ್ರೌಸರ್ ಸೈಟ್‌ಗೆ ತನ್ನ ಹೆಸರು ಹೇಳ್ಕೊಳ್ಳೋ ಸಾಲಲ್ಲೂ ಇದೇ ಕಥೆ. ವಿಂಡೋಸ್‌ನ ಕ್ರೋಮ್ ಹೇಳೋದು ಹೀಗಿರುತ್ತೆ: ಮೊಜಿಲ್ಲಾ 5.0, ಆಪಲ್‌ವೆಬ್‌ಕಿಟ್ 537.36, ಕೆಎಚ್‌ಟಿಎಂಎಲ್, ಲೈಕ್ ಗೆಕೋ, ಆಮೇಲೆ ಕ್ರೋಮ್, ಕೊನೆಗೆ ಸಫಾರಿ. ತನ್ನದಲ್ಲದ ಹೆಸರೇ ಜಾಸ್ತಿ. ನೆಟ್‌ಸ್ಕೇಪ್‌ಗೆ ಮಾತ್ರ ಒಳ್ಳೇ ಪೇಜ್ ಕೊಡ್ತಿದ್ದ ಸೈಟ್‌ಗಳಿಗೋಸ್ಕರ ಎಕ್ಸ್‌ಪ್ಲೋರರ್ ತನ್ನನ್ನ ಮೊಜಿಲ್ಲಾ (ನೆಟ್‌ಸ್ಕೇಪ್ ಹೇಳ್ಕೊಳ್ತಿದ್ದ ಹೆಸರು) ಅಂತ ಕರ್ಕೊಂಡ್ತು, ಸಫಾರಿ ತಾನು ಗೆಕೋ (ಫೈರ್‌ಫಾಕ್ಸ್‌ನ ಎಂಜಿನ್) ಥರ ಅಂತು, 2008ರಲ್ಲಿ ಬಂದ ಕ್ರೋಮ್ ಸಫಾರಿ ಅಂತು. ಕ್ರೋಮ್‌ನ ಮೂಲ ಕೋಡ್ ಆದ ಕ್ರೋಮಿಯಂ ಮೇಲೆ ಬಂದ ಮೈಕ್ರೋಸಾಫ್ಟ್‌ನ ಹೊಸ ಎಡ್ಜ್ ಅಂತೂ ತನ್ನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಕೊನೇ ಇ ಬಿಟ್ಟೇ ಹೇಳ್ಕೊಳ್ಳುತ್ತೆ, ಹಳೇ ಎಡ್ಜ್ ಅಂತ ಸೈಟ್‌ಗಳು ತಪ್ಪು ತಿಳೀಬಾರ್ದು ಅಂತ.

ಐಫೋನ್ ಬಗ್ಗೆ ಒಂದೇ ಮಾತು. ನಮ್ಮಲ್ಲಿನ ಐಫೋನ್‌ಗಳಲ್ಲಿ ಕ್ರೋಮ್ ಹಾಕ್ಕೊಂಡ್ರೂ ಒಳಗೆ ಓಡೋದು ಆಪಲ್‌ನ ವೆಬ್‌ಕಿಟ್ಟೇ, ಹಾಗಾಗಿ ಕ್ರೋಮ್‌ನಲ್ಲಿ ನೋಡಿದೀನಿ ಅನ್ನೋ ಮುಂಚೆ ಯಾವ ಫೋನ್ ಅಂತ ಕೇಳ್ಕೊಳ್ಳಿ.

ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿಂತ್ಹೋಯ್ತು. ದೊಡ್ಡಪ್ಪ ಈಗ ಎಡ್ಜ್‌ನಲ್ಲಿದ್ದಾರೆ, ಪೇಪರ್ ಯೂನಿಕೋಡ್‌ಗೆ ಬಂದು ಎಷ್ಟೋ ವರ್ಷ ಆಯ್ತು, ಯಾವ ಬ್ರೌಸರ್‌ನಲ್ಲಾದ್ರೂ ಕಾಣುತ್ತೆ, ಆದ್ರೆ ಬುಕ್‌ಮಾರ್ಕ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲಾ ಅದ್ರಲ್ಲೇ ಕೂತಿದೆ, ನಾನೂ ಬದಲಾಯಿಸಿ ಅನ್ನೋಕೆ ಹೋಗಿಲ್ಲ.

ನನ್ನ ಪೇಜ್‌ನಲ್ಲಿ ಡಾಕ್‌ಟೈಪ್ ಉಳಿಸ್ಕೊಂಡು, ಅಳತೆಗಳಿಗೆಲ್ಲಾ ಪಿಎಕ್ಸ್ ಹಾಕ್ದೆ, ಎಚ್‌ಟಿಎಂಎಲ್‌ಗೂ ಬಾಡಿಗೂ ಎತ್ತರ 100 ಪರ್ಸೆಂಟ್ ಕೊಟ್ಟೆ, ಮೆನು ವಾಪಸ್ ಉದ್ದ ಆಯ್ತು. ಟೇಬಲ್ ಅಕ್ಷರ ಮಾತ್ರ 20ರಲ್ಲೇ ಬಿಟ್ಟಿದೀನಿ, ಬಸ್ ಟೈಮ್ ದೊಡ್ಡದಾಗಿ ಕಂಡ್ರೇ ಒಳ್ಳೇದು.