ಒಡವೆ ತೊಳೆಯುವ ಮುನ್ನ: ಬಂಗಾರದ ಜೊತೆಗಿರುವುದನ್ನೂ ನೋಡಿ

ಮದುವೆ ಸೀಜನ್ ಬಂತೆಂದರೆ ರಾಯಚೂರು, ಲಿಂಗಸುಗೂರು ಕಡೆಯ ಪತ್ತಾರರ (ಅಕ್ಕಸಾಲಿಗರ) ಅಂಗಡಿಗೆ ತಗ್ಗು ಬಿದ್ದ ಬೋರಮಾಳ (ಅರಗು ತುಂಬಿದ ಬಂಗಾರದ ಗುಂಡುಗಳ ಸರ), ಹೊಳಪು ಸತ್ತು ಬಿಳಿಚಿದ ಹವಳದ ತಾಳಿಸರ ಒಂದರ ಹಿಂದೊಂದು ಬರುತ್ತವೆ. "ಬಂಗಾರಕ್ಕ ಏನೂ ಆಗಂಗಿಲ್ಲ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿದ್ವಿರೀ" ಎನ್ನುತ್ತಾರೆ. ಬಂಗಾರದ ಮಟ್ಟಿಗೆ ಆ ಮಾತು ನಿಜ, ಹುಣಸೆಯ ಹುಳಿ ಅದನ್ನು ಮುಟ್ಟುವುದಿಲ್ಲ. ತಪ್ಪಾಗಿ ತೊಳೆದರೆ ಕೆಡುವುದು ಅದರ ಜೊತೆಗಿರುವ ಅರಗು, ಹವಳ, ಮುತ್ತು.

ಕಪ್ಪಾಗುವುದು ಕೂಡ ಅಚ್ಚ ಚಿನ್ನವಲ್ಲ. 22 ಕ್ಯಾರೆಟ್ ಒಡವೆಯಲ್ಲಿ ಸಾವಿರಕ್ಕೆ 916 ಪಾಲು ಚಿನ್ನ, ಉಳಿದ 84 ಪಾಲು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಬೆವರಿಗೆ, ಗಾಳಿಯಲ್ಲಿನ ಗಂಧಕಕ್ಕೆ ಬಣ್ಣಗೆಡುವುದು ಈ 84 ಪಾಲು.

ಬೋರಮಾಳದ ಒಂದು ಗುಂಡನ್ನು ಬೆಳಕಿಗೆ ಹಿಡಿದು ನೋಡಿ. ದಾರ ಪೋಣಿಸುವ ತೂತಿನ ಅಂಚಿನಲ್ಲಿ ಕೆಂಪು ಕಂದು ಬಣ್ಣದ ಗೆರೆ ಕಾಣುತ್ತದೆ, ಅದೇ ಅರಗು. ಬಂಗಾರದ ತಗಡು ಎಷ್ಟು ತೆಳುವೆಂದರೆ, ಒಳಗೆ ಅರಗು ಇಲ್ಲದಿದ್ದರೆ ಬೆರಳಲ್ಲಿ ಒತ್ತಿದರೂ ತಗ್ಗು ಬೀಳುತ್ತದೆ. ಈ ಅರಗಿಗೆ ಮೂರು ಶತ್ರುಗಳಿವೆ. ಕುದಿಯುವ ನೀರಿಗೆ ಹಾಕಿದರೆ ಮೆತ್ತಗಾಗಿ ತೂತಿನಿಂದ ಹೊರಗೆ ಜಿನುಗುತ್ತದೆ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ನೆನೆಯಿಟ್ಟರೆ ನಿಧಾನಕ್ಕೆ ಕರಗುತ್ತದೆ. ಸ್ಪಿರಿಟ್, ಸ್ಯಾನಿಟೈಸರ್, ಸೆಂಟು ತಗುಲಿದರೂ ಅಷ್ಟೇ. ಒಳಗೆ ಟೊಳ್ಳಾದ ಗುಂಡು ಮುಂದೆ ಯಾವಾಗಲೋ ಒಂದು ಪೆಟ್ಟಿಗೆ ಕುಸಿಯುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಹೊಸದಾಗಿ ಮಾಡಿಸುವವರು ಅರಗು ತುಂಬುವ ಮೊದಲಿನ ತೂಕವನ್ನು ರಸೀದಿಯಲ್ಲಿ ಬರೆಸಿಕೊಳ್ಳಲೇಬೇಕು. ಮುರಿಸುವ ದಿನ ಅರಗು ಸುಟ್ಟುಹೋಗಿ ಲೆಕ್ಕಕ್ಕೆ ಬರುವುದು ಆ ತೂಕ ಮಾತ್ರ.

ಹವಳ ಮತ್ತು ಮುತ್ತಿನ ಮೂಲವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನದೇ ಜಾತಿ. ಹುಣಸೆ, ನಿಂಬೆ, ವಿನೆಗರ್ ಯಾವ ಹುಳಿ ಸೋಕಿದರೂ ಮೇಲ್ಮೈ ಕರಗುತ್ತದೆ. ಹವಳವನ್ನಾದರೂ ಮತ್ತೆ ಉಜ್ಜಿ ಹೊಳಪು ತರಬಹುದು. ಮುತ್ತಿನ ಹೊಳಪಿನ ಪದರ ಹೋದರೆ ಹೋಯಿತು. ಪಚ್ಚೆಯದು ಬೇರೆ ಕಥೆ. ಅದರ ಬಿರುಕು ಕಾಣದಿರಲೆಂದು ಬಹುತೇಕ ಪಚ್ಚೆಗಳಿಗೆ ಎಣ್ಣೆ ಕುಡಿಸಿರುತ್ತಾರೆ. ಬಿಸಿನೀರು, ಶಬ್ದದ ಅಲೆಗಳಿಂದ ನೀರು ಅಲುಗಿಸಿ ತೊಳೆಯುವ ಅಲ್ಟ್ರಾಸೋನಿಕ್ ಮಷೀನು ಎರಡೂ ಅದಕ್ಕೆ ಆಗವು.

ತೊಳೆಯುವ ಕ್ರಮ ಸರಳ. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಮೂರು ನಾಲ್ಕು ಹನಿ ಮೆದು ಶಾಂಪೂ ಹಾಕಿ, ಗಟ್ಟಿ ಬಂಗಾರದ ಬಳೆ, ಚೈನುಗಳನ್ನು ಹತ್ತು ನಿಮಿಷ ನೆನೆಸಿ, ಮಕ್ಕಳ ಮೆದು ಬ್ರಷ್‌ನಿಂದ ಸಂದುಗಳನ್ನು ಉಜ್ಜಿ. ಬೋರಮಾಳ, ಹವಳ, ಮುತ್ತನ್ನು ನೆನೆಹಾಕದೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮುತ್ತಿನ ದಾರ ಒದ್ದೆಯಾದರೆ ಜಗ್ಗುತ್ತದೆ, ಆದ್ದರಿಂದ ತೂಗುಹಾಕದೆ ಮಲಗಿಸಿ ಒಣಗಿಸಿ. ನಮ್ಮ ಕಡೆಯ ಬೋರ್ ನೀರು ಗಡಸು. ಹಾಗೇ ಆರಲು ಬಿಟ್ಟರೆ ಹರಳಿನ ಮೇಲೆ ಬಿಳಿ ಕಲೆ ಕೂರುತ್ತದೆ, ಕೂಡಲೇ ಒರೆಸಿ. ಬ್ಲೀಚ್ ಮುಟ್ಟುವ ಕೆಲಸವಿದ್ದರೆ ಉಂಗುರ ತೆಗೆದಿಡಿ. 18 ಕ್ಯಾರೆಟ್ ವಜ್ರದುಂಗುರದಲ್ಲಿ ಹರಳು ಹಿಡಿದ ಕೊಕ್ಕೆಗಳು ಅದರಿಂದ ಬಿರಿಯಬಹುದು.

ಹಾಗಂತ ಬಂಗಾರಕ್ಕೆ ಏನೂ ಆಗುವುದಿಲ್ಲ ಎಂದಲ್ಲ. ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವ ಕೆಲವೇ ಗ್ರಾಂ ಚಿನ್ನವನ್ನು ಬೇರ್ಪಡಿಸುವುದೇ ಸೈನೈಡ್ ದ್ರಾವಣದಲ್ಲಿ ಕರಗಿಸಿ. ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣವಾದ ಆಕ್ವಾ ರೀಜಿಯಾ ಕೂಡ ಬಂಗಾರವನ್ನು ಕರಗಿಸುತ್ತದೆ. ಮನೆ ಬಾಗಿಲಿಗೆ ಬಂದು "ಪಾಲಿಶ್ ಮಾಡಿ ಕೊಡ್ತೀವಿ" ಎನ್ನುವ ಮೋಸಗಾರರ ಡಬ್ಬಿಯಲ್ಲಿ ಇರುವುದು ಇಂಥದ್ದೇ. ಬಳೆ ಫಳಫಳ ಹೊಳೆಯುತ್ತಾ ಕೈಗೆ ಬರುತ್ತದೆ, ಕರಗಿದ ಚಿನ್ನ ಡಬ್ಬಿಯ ನೀರಿನಲ್ಲಿ ಅವರ ಜೊತೆ ಹೋಗುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ತಕ್ಕಡಿಗೆ ಮಾತ್ರ ಗೊತ್ತಾಗುತ್ತದೆ. ಅಂಗಡಿಯಲ್ಲೇ ಪಾಲಿಶ್ ಮಾಡಿಸಿದರೂ ಮೊದಲೊಮ್ಮೆ, ಆಮೇಲೊಮ್ಮೆ ನಿಮ್ಮೆದುರೇ ತೂಗಿಸಿ.

ಇನ್ನೊಂದು ಪಾದರಸ. ಥರ್ಮಾಮೀಟರ್ ಒಡೆದಾಗ ಹನಿ ತಾಗಿದರೆ ಸಾಕು, ಉಂಗುರ ಅಲ್ಲೇ ಬೆಳ್ಳಗಾಗುತ್ತದೆ, ಬಂಗಾರ ಪೆಡಸಾಗುತ್ತದೆ. ಒಲೆಯ ಮೇಲೆ ಕಾಯಿಸಿ ತೆಗೆಯಲು ಹೋಗಬೇಡಿ, ಆ ಹೊಗೆ ವಿಷ. ಬೇರೆ ಒಡವೆಗೆ ತಾಗದಂತೆ ಡಬ್ಬಿಯಲ್ಲಿ ಮುಚ್ಚಿ ಒಯ್ದು, ಪತ್ತಾರರು ಬೆಂಕಿಗೆ ಹಿಡಿಯುವ ಮುಂಚೆಯೇ "ಪಾದರಸ ತಾಗೇದ್ರೀ" ಎಂದು ಹೇಳಿ.