ದಾವಣಗೆರೆಯ ಬೇಸಿಗೆಯಲ್ಲಿ ಕೋಯ್ ಮೀನು

ಏಪ್ರಿಲ್ ಬಂತೆಂದರೆ ಬೆಳಗಿನ ಆರಕ್ಕೇ ನನಗೆ ಫೋನು ಬರತೊಡಗುತ್ತದೆ. ಮಾತು ಹೆಚ್ಚುಕಡಿಮೆ ಒಂದೇ: “ಡಾಕ್ಟ್ರೇ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದಾವೆ.” ಹಿಂದಿನ ಸಂಜೆ ಲವಲವಿಕೆಯಿಂದಿದ್ದ ಮೀನು ನಸುಕಿನಲ್ಲೇ ಏಕೆ ಹೀಗಾಯಿತು ಎಂಬುದು ತಿಳಿದರೆ, ಈ ಬಯಲುಸೀಮೆಯಲ್ಲಿ ಕೋಯ್ ಸಾಕುವ ವಿದ್ಯೆ ಮುಕ್ಕಾಲು ಪಾಲು ಕೈವಶವಾದಂತೆ.

ಕೋಯ್ ಮತ್ತು ಗೋಲ್ಡ್‌ಫಿಷ್‌ಗಳನ್ನು ಅಂಗಡಿಯವರು ತಣ್ಣೀರಿನ ಮೀನು ಎನ್ನುತ್ತಾರೆ. ಹೀಟರ್ ಇಲ್ಲದೆ ಬದುಕುತ್ತವೆ ಎಂಬುದಷ್ಟೇ ಅದರ ಅರ್ಥ. ಜಪಾನಿನ ನೀಗಾಟ ಪ್ರದೇಶದ ರೈತರು 19ನೇ ಶತಮಾನದಲ್ಲಿ ಬಣ್ಣ ನೋಡಿ ಆರಿಸಿ ಬೆಳೆಸಿದ ಸಾಮಾನ್ಯ ಗೆಂಡೆಯೇ ಕೋಯ್; ಅದರ ಬಳಗ ನಮ್ಮ ಕೆರೆಗಳಲ್ಲಿ ಬಿಸಿಲನ್ನು ತಾಳಿಕೊಂಡೇ ಇದೆ. ಕೆರೆಗಿರುವ ಆಳ ಮತ್ತು ಹರವು ಮನೆಯ ತೊಟ್ಟಿಗಿಲ್ಲ, ತೊಂದರೆ ಇರುವುದು ಅಲ್ಲಿ.

20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರಿಗೆ ಏಳೂವರೆಯಷ್ಟನ್ನೇ ಹಿಡಿಯಲು ಸಾಧ್ಯ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ಅದು ಇನ್ನಷ್ಟು ಕಡಿಮೆ. ಅದೇ ಹತ್ತು ಡಿಗ್ರಿಯ ಏರಿಕೆಗೆ ಮೀನಿನ ಆಮ್ಲಜನಕದ ಬೇಡಿಕೆ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಗಲೆಲ್ಲ ಆಮ್ಲಜನಕ ಕೊಡುವ ಹಸಿರು ಪಾಚಿ ರಾತ್ರಿ ತಾನೇ ಅದನ್ನು ಉಸಿರಾಡುವುದರಿಂದ, ಸೂರ್ಯೋದಯಕ್ಕೆ ಮುಂಚೆ ತೊಟ್ಟಿಯಲ್ಲಿ ಆಮ್ಲಜನಕ ಬರಿದಾಗಿರುತ್ತದೆ. ನಡುರಾತ್ರಿ ಕರೆಂಟ್ ಹೋಗಿ ಏರ್ ಪಂಪ್ ನಿಂತಿದ್ದರಂತೂ ಹೇಳುವುದೇ ಬೇಡ. ಬ್ಯಾಟರಿ ಪಂಪ್ ಒಂದನ್ನು ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲ ಮೀನು ಸತ್ತ ಮೇಲೆ ಕೊಳ್ಳುವವರೇ ಹೆಚ್ಚು.

ವಿದ್ಯಾನಗರದ ಮನೆಯೊಂದರಲ್ಲಿ 500 ಲೀಟರಿನ ತೊಟ್ಟಿಯಲ್ಲಿ ಗೇಣುದ್ದದ ಒಂಬತ್ತು ಕೋಯ್‌ಗಳಿದ್ದವು. ತೊಟ್ಟಿಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ ಎಂದು ಮನೆಯವರು ನಂಬಿದ್ದರು. ಹಾಗೆ ಕುಗ್ಗಿದ ಮೀನು ರೋಗಿಯೇ ಹೊರತು ಚಿಕ್ಕ ತಳಿಯಲ್ಲ. ಸರಿಯಾಗಿ ಸಾಕಿದ ಕೋಯ್ ಎರಡಡಿ ದಾಟುತ್ತದೆ. ಮೀನೊಂದಕ್ಕೆ ಸಾವಿರ ಲೀಟರ್ ಎಂಬುದು ನಾನು ಅನುಸರಿಸುವ ಲೆಕ್ಕ. ಆರಡಿ ಉದ್ದ, ಐದಡಿ ಅಗಲ, ನಾಲ್ಕಡಿ ಆಳದ ಕೊಳದಲ್ಲಿ ಸುಮಾರು 3,400 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಮೂರು ಮೀನು ನೆಮ್ಮದಿಯಾಗಿರುತ್ತವೆ. ಅಗಲಕ್ಕಿಂತ ಆಳಕ್ಕೆ ಹಣ ಹಾಕಿ, ಮೇಲೆ ಶೇಡ್ ನೆಟ್ ಕಟ್ಟಿಸಿ.

ಅಮೋನಿಯಾದ ವಿಷಯದಲ್ಲಿ ನಮ್ಮ ಬೋರ್‌ವೆಲ್ ನೀರು ಕೈಕೊಡುತ್ತದೆ. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು, 30 ಡಿಗ್ರಿಯ ನೀರಿನಲ್ಲಿ ಪಿಎಚ್ (ನೀರಿನ ಆಮ್ಲತೆ-ಕ್ಷಾರತೆಯ ಅಳತೆ) 7 ಇದ್ದಾಗ ಶೇ. 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ. 7 ದಾಟುತ್ತದೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಚಿತ್ರದುರ್ಗದ ಕಡೆ ಅಂಥ ನೀರು ಬಳಸುವವರು ಪರೀಕ್ಷಾ ಕಿಟ್ ಇಲ್ಲದೆ ಕೊಳಕ್ಕೆ ಕೈಹಾಕಬಾರದು. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೆರಡೇ ಮೀನು ಸಾಕು. ಗೆಂಡೆಗೆ ಜಠರವೇ ಇಲ್ಲದ ಕಾರಣ ಆಹಾರವನ್ನು ಸ್ವಲ್ಪಸ್ವಲ್ಪವಾಗಿ, ಐದು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಬೇಕು. ಬೇಸಿಗೆಯಲ್ಲಿ ಸಂಜೆಯ ಊಟ ಬೇಡ.

ಇನ್ನು ಆ ಬೆಳಗಿನ ಕರೆಗೆ ನಾನು ಕೊಡುವ ಉತ್ತರ. ಐಸ್ ಸುರಿಯಬೇಡಿ, ಉಷ್ಣಾಂಶ ಒಮ್ಮೆಲೇ ಕುಸಿದರೆ ಮೀನಿಗೆ ಆಘಾತವಾಗುತ್ತದೆ. ಆಹಾರ ನಿಲ್ಲಿಸಿ. ನೀರಿನ ಕಾಲು ಭಾಗವನ್ನು ಹೊರಹಾಕಿ, ಸಂಪಿನ ನೀರನ್ನು ತುಂಬಿ, ತಾರಸಿಯ ಕರಿ ಟ್ಯಾಂಕಿನದು ಬೇಡ. ನಲ್ಲಿಯ ನೀರು ಸಂಪಿಗೆ ಅಂದೇ ಬಂದಿದ್ದರೆ ಕ್ಲೋರಿನ್ ಕಳೆಯಲು ಸೋಡಿಯಂ ಥಯೋಸಲ್ಫೇಟ್ ಬೆರೆಸಿ. ಆ ನೀರನ್ನು ಕೊಡದಲ್ಲಿ ಎದೆಯೆತ್ತರಕ್ಕೆ ಎತ್ತಿ, ಸಣ್ಣ ಧಾರೆಯಾಗಿ, ಮೀನು ಮತ್ತೆ ತಳಕ್ಕೆ ಇಳಿಯುವವರೆಗೂ ಸುರಿಯುತ್ತಿರಿ.