ಪಲ್ಸ್ ಸರಿಯಾಗಿದೆ, ಒಂದು ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ ಏಟ್ರಿಯಲ್ ಫಿಬ್ರಿಲೇಶನ್, ಎದೆಬಡಿತ ಏರುಪೇರು. ಮೊದಲು ಮೆಟೊಪ್ರೊಲಾಲ್ ಇತ್ತು, ಈಗ ಡಿಗಾಕ್ಸಿನ್ ಕೂಡ ಸೇರಿಸಿದ್ದಾರೆ. ಎರಡೂ ಪಲ್ಸ್ ಇಳಿಸೋದೇ ಅಂತೆ. ಪಲ್ಸ್ ಈಗ 74. ಒಂದನ್ನು ಬಿಡಬಹುದಾ?

ನೀವಾಗಿ ಬಿಡಬೇಡಿ. ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬರೆದೇ ಬಿಡುತ್ತೇನೆ.

74 ಬಂದಿರುವುದು ಮಾತ್ರೆಯಿಂದ. ಕಾಯಿಲೆ ಹೋಗಿದ್ದರಿಂದ ಅಲ್ಲ. ಈ ಕಾಯಿಲೆಯಲ್ಲಿ ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ 350ರಿಂದ 600 ಸಲ ಅದುರುತ್ತವೆ. ಅಷ್ಟೂ ಕೆಳಗೆ ಇಳಿಯದ ಹಾಗೆ ನಡುವೆ ಎವಿ ನೋಡ್ ಅನ್ನುವ ಗೇಟು ಇದೆ. ನಿಮ್ಮ ಮಾತ್ರೆಗಳು ಮೇಲಿನ ಗಲಾಟೆ ನಿಲ್ಲಿಸುವುದಿಲ್ಲ. ಗೇಟನ್ನು ಅರ್ಧ ಎಳೆದು ಹಿಡಿಯುತ್ತವೆ, ಅಷ್ಟೇ. ಕೈ ಬಿಟ್ಟರೆ ಅದು ಮತ್ತೆ ತೆರೆದುಕೊಳ್ಳುತ್ತದೆ.

ಹಾಗಾದರೆ ಎರಡು ಯಾಕೆ? ಡಿಗಾಕ್ಸಿನ್ ಕೆಲಸ ಮಾಡುವುದು ವೇಗಸ್ ಅನ್ನುವ, ಎದೆಬಡಿತ ನಿಧಾನ ಮಾಡುವ ನರದ ಮೂಲಕ. ಕೂತಾಗ, ಮಲಗಿದಾಗ ಪಲ್ಸ್ ಚೆನ್ನಾಗಿ ಇಳಿಸುತ್ತದೆ. ಮೆಟ್ಟಿಲು ಹತ್ತಿದಾಗ, ಸಿಟ್ಟು ಬಂದಾಗ ಅಡ್ರಿನಲಿನ್ ಏರುತ್ತದಲ್ವಾ, ಆಗ ಅದರ ಕೈ ಸೋಲುತ್ತದೆ. ಅಲ್ಲಿ ತಡೆಯುವುದು ಮೆಟೊಪ್ರೊಲಾಲ್. ಸೋಫಾದಲ್ಲಿ ಕೂತು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ 74 ಅಂದವರಿಗೆ ಮೆಟ್ಟಿಲ ಮೇಲಿನ 140 ಕಾಣಿಸುವುದಿಲ್ಲ. ಇನ್ನೊಂದು ವಿಷಯ. ಈ ಕಾಯಿಲೆಯಲ್ಲಿ ಕೆಲವು ಬಡಿತಗಳು ಎಷ್ಟು ಸಣ್ಣವೆಂದರೆ ಬೆರಳಿನವರೆಗೂ ಬರುವುದಿಲ್ಲ. ಅದಕ್ಕೇ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ.

ಮಾತ್ರೆ ಬಿಡಬಹುದು ಅನ್ನುವ ಈ ತಪ್ಪು ಕಲ್ಪನೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೇನೆ. ನಮ್ಮಲ್ಲಿ ಕೆಲವು ಡಾಕ್ಟರುಗಳು ಡಿಗಾಕ್ಸಿನ್ನನ್ನು ವಾರಕ್ಕೆ ಐದೇ ದಿನ ಬರೆಯುತ್ತಾರೆ, ಶನಿವಾರ ಭಾನುವಾರ ರಜೆ. ಅದು ಮೈಯಿಂದ ನಿಧಾನವಾಗಿ ಹೋಗುವ ಔಷಧಿ. ಕಿಡ್ನಿ ಸರಿಯಿದ್ದರೂ ಅರ್ಧ ಕರಗಲು ಒಂದೂವರೆ ದಿನದಿಂದ ಎರಡು ದಿನ ಬೇಕು. ಜನ ಇದನ್ನು ನೋಡಿ ಮೆಟೊಪ್ರೊಲಾಲ್‌ಗೂ ರಜೆ ಕೊಡುತ್ತಾರೆ. ಅದು ಹಾಗಲ್ಲ! ಅದನ್ನು ಥಟ್ಟನೆ ನಿಲ್ಲಿಸಿದರೆ ಪಲ್ಸ್ ಮೊದಲಿಗಿಂತ ಜೋರಾಗಿ ಏರಬಹುದು, ಎದೆನೋವೂ ಬರಬಹುದು. ನಿಲ್ಲಿಸಲೇಬೇಕಾದರೆ ಡಾಕ್ಟರು ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ನಿಜವಾಗಿ ಹೆದರಬೇಕಾದ ಜೋಡಿ ಬೇರೆ ಇದೆ. ಒಮ್ಮೆ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರ್ ತಂದು ಕೌಂಟರ್ ಮೇಲೆ ಸುರಿದರು. ಹೃದಯದ ಡಾಕ್ಟರು ಬರೆದ ಮೆಟೊಪ್ರೊಲಾಲ್. ಬೇರೆ ಊರಿನ ಡಾಕ್ಟರು ಬೀಪಿಗೆ ಬರೆದ ಡಿಲ್ಟಿಯಾಜೆಮ್. ಜೊತೆಗೆ ಗ್ಲಾಕೋಮಾಗೆ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆಗೆ, ಟಿಮೊಲಾಲ್ ಕಣ್ಣಿನ ಹನಿ. ಮೂರೂ ಅದೇ ಗೇಟನ್ನು ಒತ್ತುವಂಥವು! ಕಣ್ಣಿಗೆ ಬಿಟ್ಟ ಹನಿಯೂ ರಕ್ತಕ್ಕೆ ಸೇರುತ್ತದೆ. ಕೈ ಹಿಡಿದು ಎಣಿಸಿದೆ, 44. ಏಳುವಾಗ ಕಣ್ಣು ಕತ್ತಲೆ ಬರುತ್ತದೆ ಅಂದರು. ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನ್ ಮಾಡಿದೆ. ಡಿಲ್ಟಿಯಾಜೆಮ್ ಅಥವಾ ವೆರಾಪಮಿಲ್ ಜೊತೆ ಮೆಟೊಪ್ರೊಲಾಲ್ ಜಾತಿಯ ಮಾತ್ರೆ ಸೇರಿದರೆ ಪಲ್ಸ್, ಬೀಪಿ ಎರಡೂ ತೀರಾ ಕುಸಿಯಬಹುದು. ವೆರಾಪಮಿಲ್, ಎದೆಬಡಿತ ಸರಿಪಡಿಸಲು ಕೊಡುವ ಅಮಿಯೊಡರೋನ್, ಕಫದ ಸೋಂಕಿಗೆ ಕೊಡುವ ಆಂಟಿಬಯಾಟಿಕ್ ಕ್ಲಾರಿಥ್ರೊಮೈಸಿನ್ ಇವು ರಕ್ತದಲ್ಲಿ ಡಿಗಾಕ್ಸಿನ್ ಪ್ರಮಾಣವನ್ನೇ ಏರಿಸುತ್ತವೆ. ಅದಕ್ಕೇ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರೇ ಆಗಲಿ, ಕಣ್ಣಿನ ಹನಿಯೂ ಸೇರಿ ಎಲ್ಲವನ್ನೂ ತೆಗೆದುಕೊಂಡು ಹೋಗಿ ಅನ್ನುವುದು. ಪಲ್ಸ್ 50ಕ್ಕಿಂತ ಕೆಳಗಿದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ತಲೆ ಸುತ್ತಿ ಬಿದ್ದರೆ ಸೀದಾ ಆಸ್ಪತ್ರೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದು ಸ್ಟ್ರೋಕ್ ತಡೆಯಲು. ಪಲ್ಸ್ ಎಷ್ಟೇ ಇರಲಿ, ಅದನ್ನು ಮುಟ್ಟಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಡಿಗಾಕ್ಸಿನ್ ಗಿಡದಿಂದ ಬಂದದ್ದು ಅಂತ ಗೊತ್ತಾದರೆ ಕೆಲವರಿಗೆ ಸಮಾಧಾನ. ಹೌದು, ಫಾಕ್ಸ್‌ಗ್ಲೋವ್ ಜಾತಿಯ ಗಿಡದ ಎಲೆಯಿಂದ. ಆ ಎಲೆಯ ಗುಣವನ್ನು ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ 1785ರಲ್ಲಿ ಬರೆದಿಟ್ಟ. ಆದರೆ ನಮ್ಮ ಅಂಗಳದ ಕಣಗಿಲೆಯ ವಿಷವೂ ಇದೇ ಬಳಗದ್ದು. ದನ ಮೇಯ್ದರೆ ಸಾಯುತ್ತದೆ. ಔಷಧಿಗೂ ವಿಷಕ್ಕೂ ನಡುವಿನ ಅಂತರ ಇಲ್ಲಿ ತುಂಬಾ ಸಣ್ಣದು. ಕಿಡ್ನಿ ಸೋತರೆ, ಪೊಟ್ಯಾಸಿಯಂ ಇಳಿದರೆ ಮಾಮೂಲಿ ಡೋಸೇ ಜಾಸ್ತಿಯಾಗುತ್ತದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು. ತಂದೆಯವರು ಊಟ ಸೇರುತ್ತಿಲ್ಲ, ವಾಂತಿ ಬಂದ ಹಾಗಾಗುತ್ತದೆ ಅಂದರೆ ಗ್ಯಾಸ್ಟ್ರಿಕ್ ಅಂತ ಸುಮ್ನೆ ಕೂರಬೇಡಿ. ಬಿಳಿ ಪಂಚೆ ಹಳದಿಯಾಗಿ ಕಾಣುತ್ತಿದೆ ಅಂದರಂತೂ ಮುಂದಿನ ಡಿಗಾಕ್ಸಿನ್ ಮಾತ್ರೆ ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ.